ಕುದುರೆ ರೆಡಿ ಇತ್ತು, ಕಾರಿಗೆ ಟೈರ್ ಇರಲಿಲ್ಲ: ಯುದ್ಧಕಾಲದಲ್ಲಿ ರೇಸು ಕಳೆದುಕೊಂಡ ಒಂದು ಸಣ್ಣ ಊರಿನ ಕಥೆ

ಒಂದು ವರ್ಷ ಜಾತ್ರೆ ನಡೆಯದಿದ್ದರೆ ಏನಾಗುತ್ತೆ? ತಾಲ್ಲೂಕಿನ ಯಾವ ಅಂಗಡಿಯವರನ್ನು ಕೇಳಿದರೂ ಹೇಳುತ್ತಾರೆ. ಕೊರೊನಾ ಕಾಲದಲ್ಲಿ ಎಲ್ಲರೂ ಅದನ್ನು ಕಂಡವರೇ. ತೇರು ಇತ್ತು, ಮೈದಾನ ಇತ್ತು, ಪೂಜೆಯೂ ಆಯ್ತು. ಜನ ಮಾತ್ರ ಬರೋ ಹಾಗಿರಲಿಲ್ಲ.

1943ರ ಆಗಸ್ಟ್‌ನಲ್ಲಿ ಅಮೆರಿಕದ ಗೋಷೆನ್ ಎಂಬ ಊರಿಗೆ ಹೆಚ್ಚುಕಮ್ಮಿ ಇದೇ ಗತಿ ಬಂದಿತ್ತು. ಆಗ ಅಲ್ಲಿನ ಜನಸಂಖ್ಯೆ ಸುಮಾರು 3 ಸಾವಿರ. ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಹಳ್ಳಿ ಅಷ್ಟೇ. ಆದರೆ ವರ್ಷಕ್ಕೊಮ್ಮೆ ಇಡೀ ದೇಶದ ಕುದುರೆ ಪ್ರಿಯರು ಆ ಊರಿಗೆ ಬರುತ್ತಿದ್ದರು. ಆ ವರ್ಷ ಕುದುರೆಗಳು ತಯಾರಿದ್ದವು, ಟ್ರ್ಯಾಕ್ ಚೆನ್ನಾಗಿತ್ತು, ಯಾವ ಕಾಯಿಲೆಯೂ ಇರಲಿಲ್ಲ. ಆದರೂ ರೇಸು ಊರು ಬಿಟ್ಟು ಹೋಯ್ತು. ಕಾರಣ ಏನು ಅಂದ್ರೆ ಕಾರಿನ ಟೈರು ಮತ್ತು ಪೆಟ್ರೋಲು.

ಟೈರಿಗೂ ಕುದುರೆ ಓಟಕ್ಕೂ ಏನು ಸಂಬಂಧ? ಅದೇ ಟೈರಿನ ಹಿಂದೆ ಸಕ್ಕರೆ, ಕಾಫಿ, ಚಪ್ಪಲಿ, ಟೂತ್‌ಪೇಸ್ಟ್ ಎಲ್ಲವೂ ಹೇಗೆ ಸಾಲಾಗಿ ಹೋದವು? ಅಂಗಡಿಯವರು ಏನು ಮಾಡಿದರು? ಇಲ್ಲಿದೆ ವಿವರ.

ಇದು ಎಂಥ ರೇಸು?

ಗೋಷೆನ್ ಇರುವುದು ನ್ಯೂಯಾರ್ಕ್ ರಾಜ್ಯದ ಆರೆಂಜ್ ಕೌಂಟಿಯಲ್ಲಿ. ನ್ಯೂಯಾರ್ಕ್ ನಗರದಿಂದ ನೂರು ಕಿಲೋಮೀಟರ್ ಆಸುಪಾಸು. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದಂಗೆ, ಗೋಷೆನ್ ಅದರ ಕೇಂದ್ರ. ಕೋರ್ಟು ಕಚೇರಿ ಅಲ್ಲೇ. ಸುತ್ತಲೂ ಹಾಲಿನ ಸೀಮೆ.

ಬೆಂಗಳೂರು, ಮೈಸೂರಿನಲ್ಲಿ ನಡೆಯುವ ರೇಸಿನಲ್ಲಿ ಜಾಕಿ ಕುದುರೆ ಮೇಲೆ ಕೂತು ನಾಗಾಲೋಟದಲ್ಲಿ ಓಡಿಸುತ್ತಾನೆ. ಗೋಷೆನ್‌ನದ್ದು ಬೇರೆ ಥರ. ಅಲ್ಲಿ ಕುದುರೆಗೆ ಸಲ್ಕಿ ಎಂಬ ಎರಡು ಗಾಲಿಯ ಹಗುರ ಗಾಡಿ ಕಟ್ಟುತ್ತಾರೆ. ಓಡಿಸುವವನು ಅದರಲ್ಲಿ ಕೂತಿರುತ್ತಾನೆ. ಜಾತ್ರೆಗಳಲ್ಲಿ ಗಾಡಿ ಓಟ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ಒಂದೇ ಷರತ್ತು: ಕುದುರೆ ನಾಗಾಲೋಟಕ್ಕೆ ಬೀಳುವಂತಿಲ್ಲ. ಎಡ ಮುಂಗಾಲಿನ ಜೊತೆ ಬಲ ಹಿಂಗಾಲು, ಬಲ ಮುಂಗಾಲಿನ ಜೊತೆ ಎಡ ಹಿಂಗಾಲು, ಹೀಗೆ ಜೋಡಿ ಜೋಡಿಯಾಗಿ ಕಾಲಿಡುತ್ತಲೇ ಓಡಬೇಕು. ಇದಕ್ಕೆ ಟ್ರಾಟ್ ಅಂತಾರೆ. ಆವೇಶಕ್ಕೆ ನಾಗಾಲೋಟ ಶುರು ಮಾಡಿದರೆ ಓಡಿಸುವವನು ಲಗಾಮು ಹಿಡಿದು ಮತ್ತೆ ಟ್ರಾಟ್‌ಗೆ ತರಬೇಕು. ಅಷ್ಟರಲ್ಲಿ ಉಳಿದವರು ಮುಂದೆ ಹೋಗಿರುತ್ತಾರೆ.

ಗೋಷೆನ್ ಊರ ನಡುವೆಯೇ ಒಂದು ಹಳೇ ಟ್ರ್ಯಾಕ್ ಇದೆ. 1838ರಿಂದ ಅಲ್ಲಿ ಓಟದ ಇತಿಹಾಸ. ಈ ತಳಿಯ ಮೂಲಪುರುಷ ಎನ್ನಬಹುದಾದ ಹ್ಯಾಂಬಲ್ಟೋನಿಯನ್ ಎಂಬ ಗಂಡು ಕುದುರೆ ಹುಟ್ಟಿದ್ದೂ ಇದೇ ಸೀಮೆಯಲ್ಲಿ, 1849ರಲ್ಲಿ, ಶುಗರ್ ಲೋಫ್ ಎಂಬ ಹಳ್ಳಿಯಲ್ಲಿ. ವಿಲಿಯಂ ರೈಸ್‌ಡಿಕ್ ಎಂಬಾತ ತಾಯಿ ಕುದುರೆ, ಮರಿ ಎರಡನ್ನೂ ಸೇರಿಸಿ 125 ಡಾಲರ್‌ಗೆ ಕೊಂಡಿದ್ದ. ಆ ಮರಿ ಬೆಳೆದು ಸಾವಿರಕ್ಕೂ ಹೆಚ್ಚು ಕುದುರೆಗಳಿಗೆ ತಂದೆಯಾಯಿತು.

ಅದರ ಹೆಸರಿನಲ್ಲೇ 1926ರಲ್ಲಿ ಹ್ಯಾಂಬಲ್ಟೋನಿಯನ್ ರೇಸು ಶುರುವಾಯಿತು. ಮೂರು ವರ್ಷದ ಕುದುರೆಗಳಿಗೆ ಮಾತ್ರ ಪ್ರವೇಶ. ಆಗ ಒಂದು ಸುತ್ತು ಗೆದ್ದರೆ ಸಾಲುತ್ತಿರಲಿಲ್ಲ, ಎರಡು ಸುತ್ತು ಗೆಲ್ಲಬೇಕಿತ್ತು. 1930ರಲ್ಲಿ ಈ ರೇಸು ಗೋಷೆನ್‌ಗೆ ಬಂತು. ವಿಲಿಯಂ ಕೇನ್ ಎಂಬುವವರ 'ಗುಡ್ ಟೈಮ್ ಪಾರ್ಕ್' ಟ್ರ್ಯಾಕ್‌ನಲ್ಲಿ ಪ್ರತಿ ಆಗಸ್ಟ್‌ಗೆ ನಡೆಯುತ್ತಿತ್ತು. ಎರೀ ರೈಲು ಊರ ಮೂಲಕವೇ ಹಾದು ಹೋಗುತ್ತಿದ್ದರೂ ದೊಡ್ಡ ಜನಸಾಗರ ಬರುತ್ತಿದ್ದದ್ದು ಕಾರಿನಲ್ಲಿ. ಮುಂದೆ ಪೆಟ್ಟು ಬಿದ್ದದ್ದೂ ಅಲ್ಲಿಗೇ.

ಮೊದಲು ಹೋದದ್ದು ಟೈರು

1941ರ ಡಿಸೆಂಬರ್ 7ಕ್ಕೆ ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿತು. ಮುಂದಿನ ಕೆಲವೇ ತಿಂಗಳಲ್ಲಿ ಮಲಯ, ಸಿಂಗಾಪುರ, ಡಚ್ಚರ ಕೈಲಿದ್ದ ಇಂಡೋನೇಷ್ಯಾ ಎಲ್ಲವೂ ಜಪಾನ್ ಪಾಲಾದವು. ಅಮೆರಿಕಕ್ಕೆ ರಬ್ಬರ್ ಬರುತ್ತಿದ್ದದ್ದು ಹೆಚ್ಚೂಕಡಿಮೆ ಪೂರ್ತಿಯಾಗಿ ಆ ಕಡೆಯಿಂದಲೇ. ಮರದ ಹಾಲು ಇಳಿಸುವ ತೋಟವೇ ಶತ್ರುವಿನ ಕೈಗೆ ಹೋದ ಮೇಲೆ ಟೈರ್ ಎಲ್ಲಿಂದ ಬರಬೇಕು?

ಹಾಗಾಗಿ ಅಮೆರಿಕದಲ್ಲಿ ಮೊಟ್ಟಮೊದಲು ರೇಷನ್‌ಗೆ ಬಂದದ್ದು ಅನ್ನವೂ ಅಲ್ಲ, ಸಕ್ಕರೆಯೂ ಅಲ್ಲ, ಟೈರು. 1942ರ ಜನವರಿಯಿಂದಲೇ ಹೊಸ ಟೈರ್ ಬೇಕಾದರೆ ಊರಿನ ರೇಷನ್ ಬೋರ್ಡಿಗೆ ಅರ್ಜಿ ಹಾಕಬೇಕು. ಡಾಕ್ಟರ್, ನರ್ಸ್, ಅಗ್ನಿಶಾಮಕ, ಪೊಲೀಸ್, ಸರಕು ಲಾರಿ, ಇಂಥವರಿಗೆ ಮಾತ್ರ. ಉಳಿದವರು ಇದ್ದದ್ದನ್ನೇ ಪಂಚರ್ ಹಾಕಿಸಿ ಓಡಿಸಬೇಕು. ಒಂದು ಕಾರಿಗೆ ಸ್ಟೆಪ್ನಿ ಸೇರಿ ಐದೇ ಟೈರು, ಹೆಚ್ಚಿಗೆ ಇದ್ದರೆ ಸರ್ಕಾರಕ್ಕೆ ಮಾರಬೇಕು ಎಂಬ ಆದೇಶವೂ ಅದೇ ವರ್ಷ ಬಂತು. ಜೂನ್‌ನಲ್ಲಿ ಹಳೇ ರಬ್ಬರ್ ಸಂಗ್ರಹ ನಡೆಯಿತು. ಮಳೆಗಾಲದ ಬೂಟು, ನೀರಿನ ಪೈಪು, ಬಿಸಿನೀರಿನ ಚೀಲ ಏನೇ ತಂದರೂ ಪೆಟ್ರೋಲ್ ಬಂಕಿನವರು ಒಂದು ಪೌಂಡಿಗೆ ಒಂದು ಸೆಂಟ್ ಕೊಡುತ್ತಿದ್ದರು.

ಪೆಟ್ರೋಲ್ ರೇಷನ್ ಬಂದದ್ದು ಯಾಕೆ ಅನ್ನೋದು ಇನ್ನೂ ಸ್ವಾರಸ್ಯ. ಪೂರ್ವ ಕರಾವಳಿಯಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಎಣ್ಣೆ ಹಡಗುಗಳನ್ನು ಮುಳುಗಿಸುತ್ತಿದ್ದವು. ಅಲ್ಲಿ ಪೆಟ್ರೋಲಿಗೇ ಕೊರತೆ ಇತ್ತು, 1942ರ ಮೇ ತಿಂಗಳಲ್ಲೇ ರೇಷನ್ ಬಂತು. ಆದರೆ ಡಿಸೆಂಬರ್‌ನಲ್ಲಿ ಇಡೀ ದೇಶಕ್ಕೆ ಅದನ್ನು ವಿಸ್ತರಿಸಿದಾಗ ಉಳಿಸಬೇಕಿದ್ದದ್ದು ಪೆಟ್ರೋಲ್ ಅಲ್ಲ, ರಬ್ಬರ್. ಪೆಟ್ರೋಲ್ ಕೊಡದಿದ್ದರೆ ಕಾರು ಓಡಲ್ಲ, ಕಾರು ಓಡದಿದ್ದರೆ ಟೈರ್ ಸವೆಯಲ್ಲ. ಲೆಕ್ಕ ಅಷ್ಟೇ.

ಸಾಮಾನ್ಯ ಜನರ ಕಾರಿಗೆ 'ಎ' ಸ್ಟಿಕ್ಕರ್. ವಾರಕ್ಕೆ 3-4 ಗ್ಯಾಲನ್, ಅಂದರೆ 11ರಿಂದ 15 ಲೀಟರ್. ವೇಗದ ಮಿತಿ ಗಂಟೆಗೆ 35 ಮೈಲಿ, ನಮ್ಮ ಲೆಕ್ಕದಲ್ಲಿ 56 ಕಿಲೋಮೀಟರ್. ಇಷ್ಟರ ನಡುವೆಯೂ 1942ರ ಆಗಸ್ಟ್‌ನಲ್ಲಿ ರೇಸು ಗೋಷೆನ್‌ನಲ್ಲೇ ನಡೆಯಿತು. ಬೆನ್ ವೈಟ್ ಎಂಬ ಹಳೇ ಹುಲಿ ಓಡಿಸಿದ 'ದಿ ಅಂಬಾಸಡರ್' ಎಂಬ ಕುದುರೆ ಗೆದ್ದಿತು.

ಮನೆಯೊಳಗೆ ಏನೇನು ಹೋಯ್ತು?

ಯುದ್ಧ ನಡೆದದ್ದು ಸಾವಿರಾರು ಮೈಲಿ ದೂರದಲ್ಲಿ. ಆದರೆ ಅದು ಅಡುಗೆಮನೆಗೆ, ಬಚ್ಚಲುಮನೆಗೆ ಬಂದದ್ದು ಹೀಗೆ:

- ಸಕ್ಕರೆ: 1942ರ ಮೇ ತಿಂಗಳಿಂದ ರೇಷನ್. ಫಿಲಿಪೈನ್ಸ್ ಸಕ್ಕರೆ ನಿಂತಿತ್ತು, ಹಡಗುಗಳೂ ಸಾಲುತ್ತಿರಲಿಲ್ಲ. ತಲೆಗೆ ವಾರಕ್ಕೆ ಅರ್ಧ ಪೌಂಡ್, ಸುಮಾರು 225 ಗ್ರಾಂ. ಕಾರ್ಡ್ ಪುಸ್ತಕ ಕೊಟ್ಟದ್ದು ಶಾಲೆಗಳಲ್ಲಿ, ಬರೆದುಕೊಂಡವರು ಮೇಷ್ಟ್ರುಗಳು. ಮನೆಯಲ್ಲಿ ಎಷ್ಟು ಸಕ್ಕರೆ ಇದೆ ಅಂತ ಅಲ್ಲೇ ಹೇಳಬೇಕು. ಹೆಚ್ಚಿದ್ದರೆ ಅದಕ್ಕೆ ತಕ್ಕಂತೆ ಸ್ಟಾಂಪ್ ಹರಿದುಕೊಳ್ಳುತ್ತಿದ್ದರು.
- ಕಾಫಿ: 1942ರ ನವೆಂಬರ್ ಕೊನೆಗೆ ರೇಷನ್. ದೊಡ್ಡವರಿಗೆ ಐದು ವಾರಕ್ಕೆ ಒಂದು ಪೌಂಡ್. ಬ್ರೆಜಿಲ್‌ನಲ್ಲಿ ಕಾಫಿ ಇತ್ತು, ತರೋಕೆ ಹಡಗು ಇರಲಿಲ್ಲ. 1943ರ ಜುಲೈಗೆ ಈ ನಿರ್ಬಂಧ ಹೋಯ್ತು.
- ಶೂ: 1943ರ ಫೆಬ್ರವರಿಯಿಂದ ವರ್ಷಕ್ಕೆ ಮೂರು ಜೊತೆ ಚರ್ಮದ ಶೂ ಮಾತ್ರ.
- ಟೂತ್‌ಪೇಸ್ಟ್: ಆಗ ಟ್ಯೂಬು ತವರದ್ದು. ತವರವೂ ಮಲಯ ಕಡೆಯದ್ದೇ. ಹಾಗಾಗಿ ಖಾಲಿ ಟ್ಯೂಬ್ ವಾಪಸ್ ಕೊಟ್ಟರೆ ಮಾತ್ರ ಹೊಸದು.
- ಡಬ್ಬಿ ಆಹಾರ, ಮಾಂಸ, ಬೆಣ್ಣೆ: 1943ರ ಮಾರ್ಚ್‌ನಲ್ಲಿ ಒಂದರ ಹಿಂದೆ ಒಂದು ರೇಷನ್‌ಗೆ ಬಂದವು.
- ಫ್ರಿಜ್, ವಾಷಿಂಗ್ ಮೆಷಿನ್, ಕಾರು: 1942ರಲ್ಲೇ ಕಾರ್ಖಾನೆಗಳು ಇವನ್ನು ನಿಲ್ಲಿಸಿ ಯುದ್ಧ ಸಾಮಗ್ರಿಗೆ ಇಳಿದವು. ಕೆಟ್ಟರೆ ರಿಪೇರಿ, ಇಲ್ಲದಿದ್ದರೆ ಬಿಟ್ಟುಬಿಡಬೇಕು.
- ಹೆಂಗಸರ ಕಾಲುಚೀಲ: ರೇಷ್ಮೆ ಬರುತ್ತಿದ್ದದ್ದು ಜಪಾನಿನಿಂದ, ಅದು ಬಂದ್. ನೈಲಾನ್ ಪ್ಯಾರಾಚೂಟ್‌ಗೆ ಹೋಯ್ತು.
- ಜಿಡ್ಡು: ಮಾಂಸ ಹುರಿದು ಉಳಿದ ಕೊಬ್ಬನ್ನು ಸೋಸಿ ಡಬ್ಬಿಯಲ್ಲಿ ತುಂಬಿ ಮಾಂಸದಂಗಡಿಗೆ ಕೊಡಬೇಕು. ಅದರಿಂದ ಗ್ಲಿಸರಿನ್, ಗ್ಲಿಸರಿನ್‌ನಿಂದ ಸಿಡಿಮದ್ದು.

ಕೆಲವು ಆದೇಶಗಳು ನಗೆಪಾಟಲೂ ಆದವು. 1943ರ ಜನವರಿಯಲ್ಲಿ ಕತ್ತರಿಸಿದ ಬ್ರೆಡ್ ಮಾರಬಾರದು ಅಂತ ಹೊರಡಿಸಿದ ಆದೇಶವನ್ನು ಜನ ಬೈದ ಬೈಗುಳಕ್ಕೆ ಮಾರ್ಚ್‌ನಲ್ಲೇ ವಾಪಸ್ ತೆಗೆದುಕೊಂಡರು. ಅಲಾರಾಂ ಗಡಿಯಾರದ ತಯಾರಿಕೆ ನಿಲ್ಲಿಸಿದರು, ಆಮೇಲೆ ಕಾರ್ಖಾನೆ ಕೆಲಸಗಾರರು ಎದ್ದು ಬರೋದೇ ಲೇಟಾಗಿ ಮತ್ತೆ ಶುರು ಮಾಡಬೇಕಾಯ್ತು.

ಜನರೂ ಕೈಕಟ್ಟಿ ಕೂರಲಿಲ್ಲ. ಹಿತ್ತಲಲ್ಲಿ, ಶಾಲೆ ಮೈದಾನದಲ್ಲಿ ತರಕಾರಿ ಬೆಳೆದರು. 1943ರಲ್ಲಿ ಇಂಥ ಕೈತೋಟಗಳು ದೇಶದಲ್ಲಿ ಸುಮಾರು 2 ಕೋಟಿ ಇದ್ದವು. ಬೆಳೆದದ್ದನ್ನು ಗಾಜಿನ ಬಾಟಲಿಯಲ್ಲಿ ಕಾಪಿಡಲು ಸಕ್ಕರೆ ಬೇಕಾದರೆ ಅರ್ಜಿ ಹಾಕಿ ಹೆಚ್ಚುವರಿ ಪಡೆಯಬಹುದಿತ್ತು.

ಒಂದು ಮಾತು ಗಮನಿಸಬೇಕು. ನಮ್ಮಲ್ಲಿ ರೇಷನ್ ಕಾರ್ಡ್ ಅಂದರೆ ಬಡವರಿಗೆ ಅಗ್ಗದ ಅಕ್ಕಿ. ಅಲ್ಲಿನದು ಹಾಗಲ್ಲ. ಹುಟ್ಟಿದ ಕೂಸಿನಿಂದ ಹಿಡಿದು ಬ್ಯಾಂಕ್ ಮಾಲೀಕನವರೆಗೆ ಎಲ್ಲರಿಗೂ ಒಂದೊಂದು ಪುಸ್ತಕ. ದುಡ್ಡು ಎಷ್ಟೇ ಇರಲಿ, ಸ್ಟಾಂಪ್ ಇಲ್ಲದಿದ್ದರೆ ಸಕ್ಕರೆ ಇಲ್ಲ. ಜನ ಗೊಣಗುತ್ತಲೇ ಒಪ್ಪಿಕೊಂಡದ್ದಕ್ಕೆ ದೊಡ್ಡ ಕಾರಣ ಇದೇ.

ಅಂಗಡಿಯವರ ಪಾಡು

ಈ ಇಡೀ ವ್ಯವಸ್ಥೆಯ ಭಾರ ಬಿದ್ದದ್ದು ಕಿರಾಣಿ ಅಂಗಡಿಯ ಗಲ್ಲಾದ ಮೇಲೆ. ಹೇಗೆ ಅಂತ ನೋಡಿ.

ಮೊದಲನೆಯದು ಬೆಲೆ. 1942ರ ಮಾರ್ಚ್‌ನಲ್ಲಿ ನಿಮ್ಮ ಅಂಗಡಿಯಲ್ಲಿ ಒಂದು ಸಾಮಾನಿಗೆ ಹೆಚ್ಚೆಂದರೆ ಎಷ್ಟು ಬೆಲೆ ಇತ್ತೋ ಅದೇ ಗರಿಷ್ಠ ಬೆಲೆ. ಅದಕ್ಕಿಂತ ಒಂದು ಸೆಂಟೂ ಹೆಚ್ಚಿಗೆ ತಗೊಳ್ಳೋ ಹಾಗಿಲ್ಲ. ದಿನಬಳಕೆಯ ಮುಖ್ಯ ಸಾಮಾನಿನ ಬೆಲೆ ಗಿರಾಕಿಗೆ ಕಾಣುವಂತೆ ಬರೆದು ಹಾಕಬೇಕು. ಆ ತಿಂಗಳಲ್ಲಿ ದಾಕ್ಷಿಣ್ಯಕ್ಕೆ ಕಡಿಮೆ ರೇಟಿಗೆ ಮಾರಿದ್ದವನಿಗೆ ಅದೇ ಕಟ್ಟು.

ಎರಡನೆಯದು ಪಾಯಿಂಟ್. ಡಬ್ಬಿ ಆಹಾರಕ್ಕೆ ನೀಲಿ ಸ್ಟಾಂಪ್, ತಲೆಗೆ ತಿಂಗಳಿಗೆ 48 ಪಾಯಿಂಟ್. ಮಾಂಸ, ಬೆಣ್ಣೆ, ಚೀಸ್‌ಗೆ ಕೆಂಪು ಸ್ಟಾಂಪ್, ವಾರಕ್ಕೆ 16 ಪಾಯಿಂಟ್. ಒಂದೊಂದು ಸಾಮಾನಿಗೆ ಒಂದೊಂದು ಪಾಯಿಂಟ್, ಅದೂ ಆಗಾಗ ಬದಲು. ಅಂದರೆ ಪ್ರತಿ ಸಾಮಾನಿಗೂ ಎರಡೆರಡು ಬೆಲೆ: ಒಂದು ದುಡ್ಡಿನದು, ಇನ್ನೊಂದು ಪಾಯಿಂಟಿನದು. ಗಿರಾಕಿಗೆ ಎರಡನ್ನೂ ಲೆಕ್ಕ ಹಾಕಿ ಹೇಳಬೇಕಾದವನು ಅಂಗಡಿಯವನೇ.

ಮೂರನೆಯದು ಚಿಲ್ಲರೆ. 8 ಪಾಯಿಂಟ್ ಸ್ಟಾಂಪ್ ಕೊಟ್ಟು 5 ಪಾಯಿಂಟಿನ ಸಾಮಾನು ತಗೊಂಡರೆ ಉಳಿದ 3 ಪಾಯಿಂಟ್ ಏನು ಮಾಡೋದು? ನಮ್ಮಲ್ಲಾದರೆ ಚಾಕೊಲೇಟ್ ಕೈಗಿಡುತ್ತಿದ್ದರೇನೋ. ಅಲ್ಲಿ 1944ರ ಫೆಬ್ರವರಿಯಲ್ಲಿ ಇದಕ್ಕೆಂದೇ ಕೆಂಪು, ನೀಲಿ ಬಣ್ಣದ ಪುಟ್ಟ ಬಿಲ್ಲೆಗಳನ್ನು ಹೊರತಂದರು.

ನಾಲ್ಕನೆಯದು ಬ್ಯಾಂಕ್. ಗಿರಾಕಿ ಕೊಟ್ಟ ಸ್ಟಾಂಪನ್ನು ಅಂಗಡಿಯವನು ಎಸೆಯುವಂತಿಲ್ಲ. ಅದನ್ನು ಬ್ಯಾಂಕಿನ ರೇಷನ್ ಖಾತೆಗೆ ಜಮಾ ಮಾಡಿ, ಹೋಲ್‌ಸೇಲ್ ವ್ಯಾಪಾರಿಗೆ 'ರೇಷನ್ ಚೆಕ್' ಬರೆದುಕೊಡಬೇಕು. ಎಷ್ಟು ಸ್ಟಾಂಪಿನ ಸಕ್ಕರೆ ಮಾರಿದ್ದೀರೋ ಅಷ್ಟೇ ಹೊಸ ಸಕ್ಕರೆ. ಪರಿಚಯದವರು ಅಂತ ಸ್ಟಾಂಪಿಲ್ಲದೆ ಒಂದು ಪೌಂಡ್ ಕೊಟ್ಟರೆ ಆ ಒಂದು ಪೌಂಡ್ ಮತ್ತೆ ಅಂಗಡಿಗೆ ಬರೋದೇ ಇಲ್ಲ. ಕದ್ದು ಮಾರುವವರನ್ನು ಹಿಡಿಯಲು ಎಲ್ಲ ಕಡೆ ಇನ್ಸ್‌ಪೆಕ್ಟರ್ ಇಡಲು ಆಗಲ್ಲ. ಈ ಸರಪಳಿಯೇ ಅರ್ಧ ಕಾವಲು ಕಾಯುತ್ತಿತ್ತು.

ಹಾಗಂತ ಕಾಳಸಂತೆ ಇರಲಿಲ್ಲ ಅಂತಲ್ಲ. ಮಾಂಸದಲ್ಲಿ, ಪೆಟ್ರೋಲ್ ಕೂಪನ್‌ನಲ್ಲಿ ಜೋರಾಗಿಯೇ ನಡೆಯಿತು. ನಕಲಿ ಕೂಪನ್ ಪ್ರಿಂಟ್ ಹಾಕುವ ಜಾಲಗಳೂ ಇದ್ದವು. ಊರಿನ ರೇಷನ್ ಬೋರ್ಡಿನಲ್ಲಿ ಕೂತವರು ಬಹುತೇಕ ಅದೇ ಊರಿನವರು, ಸಂಬಳ ಇಲ್ಲದೆ ಕೆಲಸ ಮಾಡುತ್ತಿದ್ದವರು. ಪಕ್ಕದ ಮನೆಯವನಿಗೆ ಟೈರ್ ಇಲ್ಲ ಅಂತ ಹೇಳಿ ಮರುದಿನ ಅವನದೇ ಅಂಗಡಿಗೆ ಹೋಗಬೇಕಾದ ಕಷ್ಟ ಸಣ್ಣ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

1943: ರೇಸು ಊರು ಬಿಟ್ಟ ವರ್ಷ

1943ರ ಜನವರಿಯಲ್ಲಿ ಪೂರ್ವ ಭಾಗದ ರಾಜ್ಯಗಳಿಗೆ ಇನ್ನೊಂದು ಆದೇಶ ಬಂತು. ಮೋಜಿಗಾಗಿ ಕಾರು ಓಡಿಸುವುದೇ ನಿಷೇಧ. ಕೆಲಸಕ್ಕೆ ಹೋಗಬಹುದು, ಆಸ್ಪತ್ರೆಗೆ ಹೋಗಬಹುದು. ಸಿನಿಮಾಗೆ, ರೇಸಿಗೆ ಕಾರಲ್ಲಿ ಹೋಗುವಂತಿಲ್ಲ. ಸಿಕ್ಕಿಬಿದ್ದರೆ ಪೆಟ್ರೋಲ್ ಕೂಪನ್ ವಾಪಸ್.

ಗೋಷೆನ್ ಮಟ್ಟಿಗೆ ಇದು ದೊಡ್ಡ ಹೊಡೆತ. ನೂರು ಕಿಲೋಮೀಟರ್ ದೂರದಿಂದ ಕಾರಲ್ಲಿ ಬರುವ ಜನರೇ ಇಲ್ಲವೆಂದರೆ ಅಷ್ಟು ದೊಡ್ಡ ರೇಸು ನಡೆಸುವುದು ಹೇಗೆ? ಕೊನೆಗೆ 1943ರ ಹ್ಯಾಂಬಲ್ಟೋನಿಯನ್ ರೇಸನ್ನು ನ್ಯೂಯಾರ್ಕ್ ನಗರಕ್ಕೆ ಅಂಟಿಕೊಂಡೇ ಇರುವ ಯಾಂಕರ್ಸ್ ಪಟ್ಟಣದ ಎಂಪೈರ್ ಸಿಟಿ ಟ್ರ್ಯಾಕ್‌ಗೆ ಒಯ್ದರು. ಅಲ್ಲಿಗೆ ಕಾರು ಬೇಕಿರಲಿಲ್ಲ, ನಗರದ ಸಾರಿಗೆಯಲ್ಲೇ ಜನ ಬರಬಹುದಿತ್ತು. ಜನ ಕುದುರೆ ಹತ್ತಿರ ಹೋಗಲು ಆಗದಾಗ ಕುದುರೆಯನ್ನೇ ಜನರ ಹತ್ತಿರ ಕರೆದೊಯ್ದ ಲೆಕ್ಕ.

ಗೆದ್ದದ್ದು 'ವೋಲೊ ಸಾಂಗ್'. ಓಡಿಸಿದವರು ಮತ್ತೆ ಬೆನ್ ವೈಟ್. ಅವರಿಗದು ನಾಲ್ಕನೇ ಹ್ಯಾಂಬಲ್ಟೋನಿಯನ್ ಗೆಲುವು. ರೇಸು ಮುಗಿದ ಮೇಲೆ, ಸೆಪ್ಟೆಂಬರ್ ಹೊತ್ತಿಗೆ, ಮೋಜಿನ ಕಾರು ಓಡಾಟದ ನಿಷೇಧವನ್ನು ತೆಗೆದರು. ಗೋಷೆನ್ ಪಾಲಿಗೆ ಮಳೆ ನಿಂತ ಮೇಲೆ ಕೊಡೆ ಸಿಕ್ಕಂಗಾಯ್ತು.

ಯುದ್ಧದ ಹೊತ್ತಲ್ಲಿ ರೇಸು ಬೇಕಿತ್ತಾ?

ಪ್ರಶ್ನೆ ಆಗಲೂ ಇತ್ತು. ಮಗ ಗಡಿಯಲ್ಲಿರುವ ಮನೆಯವರಿಗೆ, ಇಲ್ಲಿ ಜನ ಕುದುರೆ ಮೇಲೆ ಬಾಜಿ ಕಟ್ಟುವುದು ಕಂಡರೆ ಹೊಟ್ಟೆ ಉರಿಯದೆ ಇರಲ್ಲ. ಇನ್ನೊಂದು ಕಡೆ, ದಿನವಿಡೀ ಕಾರ್ಖಾನೆಯಲ್ಲಿ ದುಡಿದವನಿಗೆ ಒಂದು ಮಧ್ಯಾಹ್ನದ ಮನರಂಜನೆಯೂ ಬೇಡವಾ ಎಂಬ ವಾದ. ಕುದುರೆ ಸಾಕುವವರ ಕಷ್ಟ ಬೇರೆಯೇ. ಈ ರೇಸಿಗೆ ಮೂರು ವರ್ಷದ ಕುದುರೆಗೆ ಮಾತ್ರ ಅವಕಾಶ. ಒಂದು ವರ್ಷ ತಪ್ಪಿದರೆ ಆ ಕುದುರೆಗೆ ಇನ್ನೊಂದು ಸಲ ಅನ್ನೋದು ಇಲ್ಲ. ಹುಡುಗನಿಗಾದರೂ ಮುಂದಿನ ವರ್ಷ ಪರೀಕ್ಷೆ ಬರೆಸಬಹುದು.

1944ರಲ್ಲಿ ರೇಸು ಗೋಷೆನ್‌ಗೆ ವಾಪಸ್ ಬಂತು. 'ಯಾಂಕೀ ಮೇಡ್' ಎಂಬ ಹೆಣ್ಣು ಕುದುರೆ ಗೆದ್ದಿತು. ಆದರೆ ಆ ಡಿಸೆಂಬರ್‌ನಲ್ಲಿ ಯುದ್ಧ ಸಿದ್ಧತೆಯ ಹೊಣೆ ಹೊತ್ತಿದ್ದ ಜೇಮ್ಸ್ ಬರ್ನ್ಸ್ ಇಡೀ ದೇಶದ ಕುದುರೆ ರೇಸು 1945ರ ಜನವರಿ 3ರೊಳಗೆ ನಿಲ್ಲಬೇಕು ಎಂದರು. ಆಳು, ಸಾರಿಗೆ, ಸಾಮಗ್ರಿ ಎಲ್ಲವೂ ಯುದ್ಧಕ್ಕೇ ಬೇಕು ಎಂಬುದು ಅವರ ಕಾರಣ. ಯುರೋಪಿನಲ್ಲಿ ಯುದ್ಧ ಮುಗಿಯುತ್ತಿದ್ದಂತೆ ಮೇ 9ಕ್ಕೆ ನಿಷೇಧ ತೆರವಾಯಿತು. ಆ ಆಗಸ್ಟ್‌ನಲ್ಲಿ ಗೋಷೆನ್‌ನಲ್ಲಿ 'ಟೈಟನ್ ಹ್ಯಾನೋವರ್' ಗೆದ್ದಿತು. ಅದೇ ತಿಂಗಳು ಜಪಾನ್ ಶರಣಾಗಿ ಪೆಟ್ರೋಲ್ ರೇಷನ್ ಕೂಡ ಹೋಯ್ತು. ಸಕ್ಕರೆಗೆ ಮಾತ್ರ 1947ರವರೆಗೂ ಸ್ಟಾಂಪ್ ತಪ್ಪಲಿಲ್ಲ.

ನಮಗೂ ಅದೇ ದಿಕ್ಕಿನಿಂದ ಬಂದ ಪೆಟ್ಟು

ಇದು ಅಮೆರಿಕದ ಕಥೆ, ನಮಗೇನು ಅನ್ನಬಹುದು. ಆದರೆ 1942ರಲ್ಲಿ ಮಲಯದ ರಬ್ಬರ್ ನಿಲ್ಲಿಸಿದ ಅದೇ ಜಪಾನ್ ಸೈನ್ಯ ಮುಂದೆ ಬರ್ಮಾಕ್ಕೂ ಬಂತು. ಮಾರ್ಚ್‌ನಲ್ಲಿ ರಂಗೂನ್ ಬಿತ್ತು. ಭಾರತಕ್ಕೆ ಬರುತ್ತಿದ್ದ ಬರ್ಮಾ ಅಕ್ಕಿ ನಿಂತಿತು. ಅಲ್ಲಿ ಟೈರು, ಇಲ್ಲಿ ಅಕ್ಕಿ. ನಮ್ಮ ನಗರಗಳಲ್ಲಿ ಆಹಾರ ಧಾನ್ಯಕ್ಕೆ ರೇಷನ್ ಕಾರ್ಡ್ ಬಂದದ್ದು ಆ ವರ್ಷಗಳಲ್ಲೇ. ಈಗ ಮನೆಮನೆಯಲ್ಲಿರುವ ಕಾರ್ಡಿನ ಬೇರು ಅಲ್ಲಿದೆ. ಲೋಹ ಉಳಿಸಲು 1943ರಲ್ಲಿ ನಡುವೆ ತೂತಿರುವ ಕಾಸನ್ನು ಟಂಕಿಸಿದ್ದರು. ಹಳೇ ಮನೆಗಳ ಪೆಟ್ಟಿಗೆಯಲ್ಲಿ ಅದು ಈಗಲೂ ಸಿಗುತ್ತೆ. ಅದೇ ವರ್ಷ ಅಮೆರಿಕದವರು ತಾಮ್ರ ಉಳಿಸಲು ಒಂದು ಸೆಂಟಿನ ನಾಣ್ಯವನ್ನು ಉಕ್ಕಿನಲ್ಲಿ ಹೊಡೆದರು.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಅಲ್ಲಿ ಕೊರತೆ ಅಂದರೆ ಕಾಫಿ ಕಡಿಮೆ, ಸಕ್ಕರೆ ಕಡಿಮೆ, ರೇಸಿಲ್ಲ. ಇಲ್ಲಿ 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಇದ್ದದ್ದನ್ನು ಎಲ್ಲರಿಗೂ ಸಮನಾಗಿ ಹಂಚುವ ಏರ್ಪಾಡು ಹೊತ್ತಿಗೆ ಸರಿಯಾಗಿ ಇದ್ದರೆ ಏನಾಗುತ್ತೆ, ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಆಮೇಲೆ ಗೋಷೆನ್ ಏನಾಯ್ತು?

ಯುದ್ಧದ ನಂತರ ಹತ್ತು ವರ್ಷ ರೇಸು ಗೋಷೆನ್‌ನಲ್ಲೇ ನಡೆಯಿತು. ಅಷ್ಟರಲ್ಲಿ ದೊಡ್ಡ ನಗರಗಳ ಪಕ್ಕ ರಾತ್ರಿ ದೀಪದ ಬೆಳಕಲ್ಲಿ, ಬಾಜಿ ದುಡ್ಡಿನ ಮೇಲೆ ನಡೆಯುವ ಟ್ರ್ಯಾಕ್‌ಗಳು ಬೆಳೆದವು. ವಿಲಿಯಂ ಕೇನ್ 1956ರಲ್ಲಿ ತೀರಿಕೊಂಡರು. ಗೋಷೆನ್‌ನಲ್ಲಿ ಕೊನೆಯ ಹ್ಯಾಂಬಲ್ಟೋನಿಯನ್ ನಡೆದದ್ದೂ ಅದೇ ವರ್ಷ. 1957ರಿಂದ ರೇಸು ಇಲಿನಾಯ್ ರಾಜ್ಯದ ಡು ಕ್ವೊಯಿನ್ ಎಂಬ ಊರಿಗೆ ಹೋಯ್ತು, ಮತ್ತೆ ಬರಲಿಲ್ಲ.

ಊರಲ್ಲಿ ಉಳಿದದ್ದು ನಡುವಿನ ಹಳೇ ಟ್ರ್ಯಾಕ್ ಮತ್ತು 1951ರಲ್ಲಿ ಒಂದು ಕುದುರೆ ಲಾಯದಲ್ಲೇ ತೆರೆದ ಟ್ರಾಟಿಂಗ್ ಮ್ಯೂಸಿಯಂ. ಟ್ರ್ಯಾಕನ್ನು 1966ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣ ಎಂದು ಘೋಷಿಸಿದರು.

ಯುದ್ಧ ಆ ಊರಿನ ರೇಸನ್ನು ಒಂದು ವರ್ಷಕ್ಕೆ ಕಿತ್ತುಕೊಂಡು ಮರುವರ್ಷ ವಾಪಸ್ ಕೊಟ್ಟಿತು. ಶಾಂತಿ ಕಾಲದ ವ್ಯಾಪಾರ ಅದನ್ನು ಒಂದೇ ಸಲ ಒಯ್ದಿತು, ವಾಪಸ್ ಕೊಡಲಿಲ್ಲ. ವರ್ಷಕ್ಕೊಂದು ಜಾತ್ರೆ, ಒಂದು ಸಂತೆ, ಒಂದು ಪಂದ್ಯ ನಂಬಿ ಅಂಗಡಿ ಇಟ್ಟಿರುವ ಯಾವುದೇ ಊರಿನವರು ಈ ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕು ಅನ್ನೋದನ್ನು ಗೋಷೆನ್ ನೋಡಿ ತಿಳಿಯಬಹುದು.